ಅರ್ಧ ಒಡೆದ ಕಲ್ಲು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ರಸ್ತೆ ಇಲಾಖೆಯ ಎಂಜಿನಿಯರ್ ಠಾಣೆಗೆ ಬಂದು, ಕೂರುವ ಮೊದಲೇ ದೂರಿನ ಹಾಳೆಯನ್ನು ಮೇಜಿನ ಮೇಲಿಟ್ಟರು. ಹಳೆಯ ರೈಲ್ವೆ ಗೇಟಿನ ಬಳಿ ರಸ್ತೆ ಪಕ್ಕದಲ್ಲಿದ್ದ ಸ್ಮಾರಕದ ಕಲ್ಲನ್ನು ಭಾನುವಾರ ಯಾರೋ ಒಡೆದಿದ್ದರು.

"ಯಾರ ಮೇಲಾದ್ರೂ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದರು.

"ಪೋಲಿ ಹುಡುಗರು, ಇನ್ಯಾರು? ಕಲ್ಲು ಒಡೆದು ಯಾರಿಗೇನು ಸಿಗುತ್ತೆ ಸರ್?"

"ನಾನೂ ಅದನ್ನೇ ಕೇಳ್ತಿರೋದು."

ಸಾರ್ವಜನಿಕ ಆಸ್ತಿಗೆ ಹಾನಿ ಎಂದು ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಇನ್‌ಸ್ಪೆಕ್ಟರ್ ಸ್ಥಳಕ್ಕೆ ಹೋದರು. ಜೊತೆಯಲ್ಲಿ ಠಾಣೆಯವರೆಲ್ಲ 'ಮೀಸೆ' ಎಂದೇ ಕರೆಯುವ ಹೆಡ್ ಕಾನ್‌ಸ್ಟೇಬಲ್ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೇಬಲ್.

ಗೇಟು ಈಗಿಲ್ಲ. ಮೇಲ್ಸೇತುವೆ ಬಂದು ಎಷ್ಟೋ ವರ್ಷವಾಗಿದೆ. ಕಲ್ಲು ಮಾತ್ರ ಬಸ್ ಸ್ಟಾಪಿನ ಪಕ್ಕದಲ್ಲೇ ಉಳಿದಿತ್ತು. ಬಸ್ಸಿಗೆ ಕಾಯುವವರಿಗೆ ಅಲ್ಲಿ ಓದಲು ಬೇರೇನೂ ಇರಲಿಲ್ಲ. ಅದರ ಮೇಲ್ಭಾಗ ಚೂರುಚೂರಾಗಿ ಹುಲ್ಲಿನಲ್ಲಿ ಬಿದ್ದಿತ್ತು. ಕೆಳಭಾಗದಲ್ಲಿ ಸತ್ತವರ ಹೆಸರುಗಳು. ಒಂದಕ್ಕೂ ಏಟು ತಗುಲಿರಲಿಲ್ಲ.

"ಚೂರೆಲ್ಲ ಜೋಡಿಸಿ ಪಂಚನಾಮೆ ಬರಿ. ಒಂದಕ್ಷರ ಬಿಡಬೇಡ."

"ಇಡೀ ಬರಹ ಯಾಕೆ ಸರ್? ಕಲ್ಲು ಒಡೆದಿದೆ ಅಂದ್ರೆ ಸಾಲದಾ?"

"ನಾಳೆ ಕೋರ್ಟಲ್ಲಿ, ಒಡೆದಿದ್ದು ಏನು ಅಂತ ಕೇಳಿದ್ರೆ ನಿನ್ನ ಮೀಸೆ ತೋರಿಸ್ತೀಯೇನಯ್ಯಾ?"

ಮೀಸೆ ಗೊಣಗುತ್ತ ಮಂಡಿಯೂರಿದ. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಪಂಚರಾದರು. ಅವರ ಕಣ್ಣೆದುರೇ ಬಸ್ಸು ಹೋಯಿತು. ಸಾಲುಗಳು ಒಂದೊಂದಾಗಿ ಕೂಡಿಕೊಂಡವು: "ಇಲ್ಲಿ ರೈಲು ಬಸ್ಸಿಗೆ ಬಡಿದು ಈ ಕೆಳಗಿನವರು ಮಡಿದರು. ಗೇಟು ತೆರೆದಿಟ್ಟು ಗೇಟ್‌ಮ್ಯಾನ್ ಪರಾರಿಯಾಗಿದ್ದನು."

ಮುರಿದ ಅಂಚಿಗೆ ಬಟ್ಟೆಯ ಚೂರೊಂದು ಸಿಕ್ಕಿಕೊಂಡಿತ್ತು. ಮಹಿಳಾ ಕಾನ್‌ಸ್ಟೇಬಲ್ ಬಗ್ಗಿ ನೋಡಿದಳು.

"ದಪ್ಪಗೆ ಮಡಚಿ ಹೊದಿಸಿದ್ದಾರೆ ಸರ್. ಹೆಸರುಗಳಿಗೆ ಏಟು ಬೀಳದ ಹಾಗೆ."

ಗಾಢ ನೀಲಿ, ನಡುವೆ ಸಣ್ಣ ಬಿಳಿ ಗೆರೆ. ಇನ್‌ಸ್ಪೆಕ್ಟರಿಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ಅದೇ ಬಟ್ಟೆಯ ಸ್ಕೂಲ್ ಲಂಗಕ್ಕೆ ಬೆಳಿಗ್ಗೆ ಇಸ್ತ್ರಿ ಹಾಕಿ, ನೆರಿಗೆ ತಪ್ಪಿಸಿ, ಮಗಳಿಂದ ಬೈಸಿಕೊಂಡು ಬಂದಿದ್ದರು. ಅದನ್ನು ಹೊಲಿಯುವವರು ಊರಿಗೆಲ್ಲ ಒಬ್ಬರೇ.

ಮಧ್ಯಾಹ್ನ ಮೂರಕ್ಕೆ ಅವರು ಮೀಸೆಯ ಜೊತೆ ಹೊಲಿಗೆ ಅಂಗಡಿಗೆ ಹೋದಾಗ, ಮಕ್ಕಳಿಂದ ಹಿಡಿದು ಮೇಷ್ಟ್ರವರೆಗೆ ಎಲ್ಲರೂ 'ಯೂನಿಫಾರ್ಮ್ ಅಕ್ಕ' ಎನ್ನುವ ಆ ಹೆಂಗಸು ಕತ್ತರಿ ಆಡಿಸುತ್ತಿದ್ದರು. ಅರವತ್ತು ದಾಟಿದ ವಯಸ್ಸು, ಕೊರಳಲ್ಲಿ ಅಳತೆ ಟೇಪು.

"ಏನ್ಸಾರ್, ಮಗಳಿಗೆ ಲಂಗ ಬಿಗಿಯಾಯ್ತಾ?"

"ಲಂಗ ಸರಿಯಾಗಿದೆ ಅಕ್ಕ. ನಿನ್ನೆ ಎಲ್ಲಿದ್ರಿ?"

ಅಕ್ಕ ಕತ್ತರಿ ಕೆಳಗಿಟ್ಟರು. "ಗೇಟ್ ಹತ್ರ."

"ಕಲ್ಲು ಒಡೆದಿದ್ದು?"

"ನಾನೇ."

"ಯಾಕೆ?"

"ಆ ಗೇಟ್‌ಮ್ಯಾನ್ ನಮ್ಮಪ್ಪ."

ಮೀಸೆ ಬರೆಯುವುದನ್ನು ನಿಲ್ಲಿಸಿದ. ಇನ್‌ಸ್ಪೆಕ್ಟರ್ ಸ್ಟೂಲು ಎಳೆದುಕೊಂಡು ಕೂತರು.

"ಅವತ್ತು ಗೇಟು ಇಳಿಸೋ ಲಿವರ್ ಕೆಟ್ಟು ಅದು ಕೆಳಗೆ ಬರಲಿಲ್ಲ. ಅಪ್ಪ ಕೆಂಪು ಬಾವುಟ ಹಿಡ್ಕೊಂಡು ಹಳಿ ಮೇಲೆ ರೈಲಿಗೆ ಎದುರಾಗಿ ಓಡಿದ್ರು. ರೈಲು ನಿಲ್ಲಲಿಲ್ಲ. ಕೋರ್ಟೂ ಹಾಗೇ ಹೇಳಿ ಅವರನ್ನ ಬಿಡ್ತು. ಅಷ್ಟರಲ್ಲಿ ಕಲ್ಲು ನಿಂತಾಗಿತ್ತು."

"ಅರ್ಜಿ ಕೊಡಬಹುದಿತ್ತಲ್ಲ?"

"ಸಾಯೋವರೆಗೂ ಅಪ್ಪ ಕೊಟ್ರು. ಆಮೇಲೆ ನಾನು ಕೊಟ್ಟೆ. ಕೊನೆಗೆ ರಸ್ತೆ ಆಫೀಸಿನ ಗುಮಾಸ್ತರು, 'ಕಲ್ಲು ಗಟ್ಟಿಮುಟ್ಟಾಗಿ ನಿಂತಿದೆಯಲ್ಲಮ್ಮ, ಅದು ಒಡೆದ್ರೆ ಹೊಸದು ಹಾಕಿಸ್ತೀವಿ, ಬರಹ ಆಗ ನೋಡೋಣ' ಅಂದ್ರು."

"ಹೆಸರುಗಳನ್ನ ಯಾಕೆ ಮುಚ್ಚಿದ್ರಿ?"

"ಅವರೇನು ಮಾಡಿದ್ರು ಸರ್, ಪಾಪ? ಸತ್ತೋರ ಹೆಸರಿನ ಮೇಲೆ ಸುತ್ತಿಗೆ ಹಾಕೋಕೆ ಕೈ ಏಳಲಿಲ್ಲ."

ಇನ್‌ಸ್ಪೆಕ್ಟರ್ ಹೊರಗೆ ಬಂದು ಎಂಜಿನಿಯರಿಗೆ ಫೋನ್ ಮಾಡಿದರು. ಕೋರ್ಟಿನ ತೀರ್ಪಿನ ವಿಷಯ ಹೇಳಿ, ಹೊಸ ಕಲ್ಲಿನಲ್ಲಿ ಪರಾರಿಯ ಸಾಲನ್ನು ಕೈಬಿಡಬಹುದಾ ಎಂದು ಕೇಳಿದರು.

"ಹೊಸ ಕಲ್ಲೆಲ್ಲಿ ಬಂತು ಸರ್? ಪೂರ್ತಿ ಒಡೆದಿದ್ರೆ ಹೊಸದು, ಹೊಸ ಬರಹಕ್ಕೆ ಸಮಿತಿ. ಇದು ಅರ್ಧ ಉಳಿದಿದೆಯಲ್ಲ, ದುರಸ್ತಿಗೆ ಬರುತ್ತೆ. ದುರಸ್ತಿ ಅಂದ್ರೆ ಮೊದಲು ಏನಿತ್ತೋ ಅದನ್ನೇ ಕೆತ್ತಿಸಬೇಕು."

"ಅದು ಸುಳ್ಳು ಅಂತ ಗೊತ್ತಿದ್ರೂನಾ?"

"ನನ್ನ ಕೈಯಲ್ಲಿ ಏನಿದೆ ಸರ್? ಅಂದಹಾಗೆ, ಹಳೇ ಬರಹದ ಪ್ರತಿ ನಮ್ಮಲ್ಲಿಲ್ಲ. ನಿಮ್ಮ ಪಂಚನಾಮೆಯಲ್ಲಿ ಪೂರ್ತಿ ಇದೆಯಂತೆ. ಒಂದು ಪ್ರತಿ ಕಳಿಸಿಬಿಡಿ, ದೊಡ್ಡ ಉಪಕಾರ ಆಗುತ್ತೆ."

ಪಕ್ಕದಲ್ಲೇ ನಿಂತಿದ್ದ ಮೀಸೆಗೆ ಎಲ್ಲವೂ ಕೇಳಿಸಿತ್ತು. ದನಿ ತಗ್ಗಿಸಿ ಕೇಳಿದ: "ಆ ಸಾಲು ಓದೋಕಾಗ್ಲಿಲ್ಲ ಅಂತ ಬದಲಾಯಿಸಿಬಿಡ್ಲಾ ಸರ್?"

"ಪಂಚರು ಸಹಿ ಹಾಕಿ ಆಯ್ತಲ್ಲೋ."

"ಇಡೀ ಬರಹ ಬೇಡ ಅಂತ ನಾನು ಆಗಲೇ ಅಂದೆ," ಎಂದ ಮೀಸೆ. ಆಮೇಲೆ, ಹಾಗನ್ನಬಾರದಿತ್ತು ಅನಿಸಿ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಸುತ್ತಿಗೆ, ನೀಲಿ ಬಟ್ಟೆ ಜಪ್ತಿಯಾದವು. ಸಂಜೆ ಐದಕ್ಕೆ ಬಂಧನ. ಹೊಲಿದು ಮುಗಿದ ಬಟ್ಟೆಗಳನ್ನು ಅಕ್ಕ ಪಕ್ಕದ ಅಂಗಡಿಯವರಿಗೆ ಒಪ್ಪಿಸಿ, ಯಾವುದು ಯಾರದು ಎಂದು ಎರಡೆರಡು ಸಲ ಹೇಳಿ ಜೀಪು ಹತ್ತಿದರು.

"ಇಷ್ಟು ವರ್ಷ ತಡಕೊಂಡವರು ಈಗ ಯಾಕಮ್ಮ?" ಪಕ್ಕದಲ್ಲಿ ಕೂತ ಮಹಿಳಾ ಕಾನ್‌ಸ್ಟೇಬಲ್ ಕೇಳಿದಳು. ಅದು ವಿಚಾರಣೆಯ ಪ್ರಶ್ನೆಯಾಗಿರಲಿಲ್ಲ.

"ಮೊಮ್ಮಗಳ ಸ್ಕೂಲಲ್ಲಿ ನಮ್ಮೂರ ಇತಿಹಾಸ ಅಂತ ಪಾಠ ಇದೆಯಂತೆ. ಕಲ್ಲಿನ ಮೇಲಿದ್ದದ್ದನ್ನ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದಾರೆ. ಇವಳಿಗೆ ಮೊದಲ ಬಹುಮಾನ. ಮನೆಗೆ ಬಂದು ನನ್ನೆದುರು ಕೈಕಟ್ಟಿ ನಿಂತು ಹೇಳಿದಳು. ಆ ಗೇಟ್‌ಮ್ಯಾನ್ ಯಾರು ಅಂತ ಅವಳಿಗೆ ಗೊತ್ತಿಲ್ಲ. ಒಂದು ಕಡೆಯೂ ತಡವರಿಸಲಿಲ್ಲ ನೋಡಿ, ನಾನೂ ಚಪ್ಪಾಳೆ ತಟ್ಟಿದೆ."

ಜೀಪು ಮೇಲ್ಸೇತುವೆ ಹತ್ತಿತು. ಯಾರೂ ಕೆಳಗೆ ನೋಡಲಿಲ್ಲ.

"ಸರಿಯಾಗಿ ಬರೆದ ಮೇಲೆ ಅವಳನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀನಿ. ಅದು ನಿನ್ನ ಮುತ್ತಾತ ಕಣೆ ಅಂತ ಆಗ ಹೇಳಬಹುದು," ಎಂದು ಅಕ್ಕ ಮುಂದಕ್ಕೆ ಬಾಗಿದರು. "ಹೊಸ ಕಲ್ಲು ಯಾವಾಗ ಹಾಕ್ತಾರೆ ಸರ್?"

ಮುಂದಿನ ಸೀಟಿನಲ್ಲಿದ್ದ ಇನ್‌ಸ್ಪೆಕ್ಟರ್ ತಿರುಗಲಿಲ್ಲ.

"ಬೇಗನೇ ಹಾಕ್ತಾರಂತೆ ಅಕ್ಕ."