ತಲೆಕೆಳಗಾದ ಅಕ್ಷರ

ಚೈನ್ ಗರಗಸ ಮತ್ತೆ ಡೊಂಕಾಗಿಯೇ ಕೊಯ್ದಿತು. ದೊಡ್ಡಮ್ಮ ಮಷೀನು ಆಫ್ ಮಾಡಿ ದಿಮ್ಮಿಯ ಮೇಲೆ ಕೂತುಬಿಟ್ಟಳು. ನೇರ ಇಳಿಯಬೇಕಿದ್ದ ಗೆರೆ ಬಾಳೆಹಣ್ಣಿನ ಹಾಗೆ ಬಾಗಿತ್ತು.

ಮರ ಕೊಯ್ಯುವುದು ದೊಡ್ಡಮ್ಮನ ಕೆಲಸ. ಸ್ಕೂಲಿನ ಗೇಟಿಗೆ ಅಡ್ಡ ಬಿದ್ದಿದ್ದ ಮರವನ್ನು ನಾಳೆ ಅವಳೇ ಕೊಯ್ಯಬೇಕು. ಒಪ್ಪಮ್ಮ ಆಗಲೇ ಕ್ಲಾಸಿಗೆಲ್ಲ ಡಂಗುರ ಸಾರಿದ್ದಳು. ಕಂಡದ್ದನ್ನೆಲ್ಲ ಒಪ್ಪವಾಗಿ ಜೋಡಿಸಿಡುವ ಹುಡುಗಿಗೆ ಮನೆಯವರು ಇಟ್ಟ ಹೆಸರು ಅದು.

“ಮಷೀನೇ ಕೆಟ್ಟಿರಬೇಕು, ದೊಡ್ಡಮ್ಮ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೊಸ ಚೈನ್ ಹಾಕಿಯೂ ನೋಡಾಯ್ತು. ನನ್ನ ಕೈಲೇ ಕಸುವಿಲ್ಲ ಕಣೇ. ನಾಳೆ ಬೇರೆಯವರು ಬರಲಿ. ಇದನ್ನ ಮಾರಿಬಿಡ್ತೀನಿ.”

ಒಪ್ಪಮ್ಮ ಬಿಡಲಿಲ್ಲ. ಚೈನ್ ಸರಿಯಿದ್ದರೆ ಬಾರ್ ನೋಡು, ಬಾರ್ ನೋಡು ಎಂದು ತಲೆ ತಿಂದಳು. ಬಾರ್ ಎಂದರೆ ಚೈನ್ ಸುತ್ತಿ ಓಡುವ ಉದ್ದನೆಯ ಉಕ್ಕಿನ ಪಟ್ಟಿ. ಕಾಟ ತಡೆಯಲಾರದೆ ದೊಡ್ಡಮ್ಮ ಅದನ್ನು ಬಿಚ್ಚಿದಳು.

ಒಪ್ಪಮ್ಮನ ಕಂಪಾಸ್ ಬಾಕ್ಸಿನ ಸೆಟ್ ಸ್ಕ್ವೇರನ್ನು ಬಾರಿನ ಮೇಲಿನ ಅಂಚಿಗೆ ಇಟ್ಟರೆ ನೆಟ್ಟಗೆ ನಿಂತಿತು. ಕೆಳಗಿನ ಅಂಚಿಗೆ ಇಟ್ಟರೆ ಒಂದು ಕಡೆಗೆ ವಾಲಿತು. ದೊಡ್ಡಮ್ಮ ಉಗುರಿನಿಂದ ಸವರಿ ನೋಡಿದಳು. ಅಂಚಿನ ಒಂದು ಬದಿ ಸವೆದು ತಗ್ಗಾಗಿತ್ತು, ಚೂಪು ಅಲಗು ಎದ್ದಿತ್ತು.

ಕೊಯ್ಯುವಾಗ ಕೆಳಗಿನ ಅಂಚಿಗೇ ಹೆಚ್ಚು ಭಾರ, ಅದಕ್ಕೇ ಎರಡೂ ಅಂಚು ಸಮ ಸವೆಯಲಿ ಅಂತ ಪ್ರತಿ ಭಾನುವಾರ ಬಾರನ್ನು ಮೇಲು ಕೆಳಗಾಗಿ ಮಗುಚಿ ಹಾಕುತ್ತೇನಲ್ಲ, ಮತ್ತೆ ಕೆಳಗಿನದು ಮಾತ್ರ ಹೇಗೆ ಸವೆಯಿತು ಎಂದು ದೊಡ್ಡಮ್ಮ ಗೊಣಗಿದಳು.

ಪ್ರತಿ ಭಾನುವಾರ ದೊಡ್ಡಮ್ಮ ಮೇಜಿನ ಮೇಲೆ ಮಗುಚಿಟ್ಟ ಬಾರನ್ನು ಒರೆಸುವವಳು ಒಪ್ಪಮ್ಮನೇ. ಮಗುಚಿದಾಗ ಅದರ ಮೇಲಿನ ಕಂಪನಿ ಹೆಸರು ತಲೆಕೆಳಗಾಗಿ ಕಾಣುತ್ತಿತ್ತು.

“ನಾನೇ ದೊಡ್ಡಮ್ಮ,” ಎಂದಳು ಮೆಲ್ಲಗೆ. “ಅಕ್ಷರ ಉಲ್ಟಾ ಇತ್ತು. ಒರೆಸಿ, ನೆಟ್ಟಗೆ ತಿರುಗಿಸಿ ಇಡ್ತಿದ್ದೆ. ನೀನು ಅದನ್ನ ಹಾಗೇ ಮಷೀನಿಗೆ ಹಾಕ್ತಿದ್ದೆ.”

ದೊಡ್ಡಮ್ಮ ಅವಳನ್ನೇ ನೋಡಿದಳು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಹಾಗಾದ್ರೆ ನೆಲಾನೇ ಡೊಂಕಿತ್ತು ಕಣೇ.”

ಅವಳು ಅರ ಹಿಡಿದು ಸವೆದ ಅಂಚಿನ ಎರಡೂ ಬದಿ ಸಮ ಬರುವವರೆಗೆ ಉಜ್ಜಿದಳು. ಒಪ್ಪಮ್ಮ ಮತ್ತೆ ಮತ್ತೆ ಸೆಟ್ ಸ್ಕ್ವೇರ್ ಇಟ್ಟು ನೋಡಿದಳು. ಬಾರನ್ನು ಮಗುಚಿ ಹಾಕಿ ಕೊಯ್ದಾಗ ದಿಮ್ಮಿಯ ತುಂಡು ರೊಟ್ಟಿ ತಟ್ಟಿದಷ್ಟು ಸಮವಾಗಿ ಬಿತ್ತು.

ಮರುದಿನ ಗೇಟಿನ ಹತ್ತಿರ ಇಡೀ ಕ್ಲಾಸು ನೆರೆದಿತ್ತು. ದೊಡ್ಡಮ್ಮ ಕಾಲು ಅಗಲಿಸಿ ನಿಂತು ಮಷೀನು ಎತ್ತಿದಳು. ಪಕ್ಕದ ಬೆಂಚಿನವಳು ಒಪ್ಪಮ್ಮನನ್ನು ತಿವಿದಳು.

“ಅಯ್ಯೋ, ನಿಮ್ ದೊಡ್ಡಮ್ಮನ ಮಷೀನಲ್ಲಿ ಹೆಸರು ಉಲ್ಟಾ ಇದೆ ನೋಡು.”

ಒಪ್ಪಮ್ಮನ ಕೈ ಒಂದು ಸಲ ತುರಿಸಿತು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಈ ವಾರ ಅದು ಹಾಗೇ ಇರಬೇಕು,” ಎಂದಳು.