ಅವಳು ಬಂದಾಗ ಮಡಚುವ ಲ್ಯಾಪ್‌ಟಾಪ್

"ನಿಮಗೆ ನನ್ನ ಮೇಲೆ ಅದ್ಯಾವ ಜನ್ಮದ ಸೇಡು ರೀ?"

ಟೈರ್ ಅಂಗಡಿಯ ಮೇಲಿದ್ದ ಆ ಪುಟ್ಟ ಆಫೀಸಿನಲ್ಲಿ ಎಲ್ಲರ ಬೆರಳೂ ಕೀಬೋರ್ಡಿನ ಮೇಲೇ ನಿಂತವು. ಹೊಸದಾಗಿ ಸೇರಿದ ಈ ಹುಡುಗಿಗೆ ಅವರು ಮೆಣಸಿನಕಾಯಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಎದುರಿಗೆ ಕೂತಿದ್ದವನಿಗೆ ಅವರಿಟ್ಟ ಹೆಸರು ಮೌನಿ. ಎಂದಿನಂತೆ ಮೆಲ್ಲಗೆ ಲ್ಯಾಪ್‌ಟಾಪ್ ಮಡಚಿ, ತಲೆ ಎತ್ತಿ ಅವಳನ್ನೇ ನೋಡಿದ.

"ಏನಾಯ್ತು?"

"ಏನಾಯ್ತಾ? ನನ್ನ ಕೋಡ್ ಮತ್ತೆ ಕಮಿಟ್ ಆಗ್ತಿಲ್ಲ! ಲಾಕ್ ಬಿದ್ದಿದೆಯಂತೆ. ಯಾರದ್ದು ಅಂತ ನೋಡಿದ್ರೆ... ಮತ್ತೆ ನಿಮ್ಮದೇ!"

ಅಲ್ಲಿ ತಯಾರಾಗುತ್ತಿದ್ದದ್ದು ತೂಕದ ಯಂತ್ರಗಳ ಸಾಫ್ಟ್‌ವೇರ್. ತೂಕದ ಲೆಕ್ಕ ಅವನದು, ಅದನ್ನು ತೋರಿಸುವ ಪರದೆ ಅವಳದು. ಇಬ್ಬರ ಕೋಡೂ ಒಂದೇ ನೆಟ್‌ವರ್ಕ್ ಡ್ರೈವಿನಲ್ಲಿ, ಒಂದೇ ಫೋಲ್ಡರಿನಲ್ಲಿ. ಒಬ್ಬರು ಕಮಿಟ್ ಮಾಡುವಾಗ, ಅಂದರೆ ತಮ್ಮ ಬದಲಾವಣೆಗಳನ್ನು ಅದರಲ್ಲಿ ಸೇರಿಸುವಾಗ, ಫೋಲ್ಡರಿಗೆ ಲಾಕ್ ಬೀಳುತ್ತದೆ, ಕೆಲಸ ಮುಗಿದರೆ ತಾನಾಗಿ ತೆರೆಯುತ್ತದೆ. ಮೌನಿಯ ಲಾಕ್ ಮಾತ್ರ ಪದೇ ಪದೇ ಹಾಗೇ ಉಳಿದು ಅವಳ ದಾರಿಗೆ ಅಡ್ಡ ನಿಲ್ಲುತ್ತಿತ್ತು.

"ಬೇಕಂತ ಮಾಡಿಲ್ಲ..."

"ಸಾಕು! ನನ್ನನ್ನ ಇನ್ನೊಂದು ಬ್ರಾಂಚ್ ಆಫೀಸಿಗೆ ಹಾಕಿ ಅಂತ ಸಾರ್ ಹತ್ರ ಕೇಳಿದ್ದೀನಿ, ಅವರು ಯೋಚನೆ ಮಾಡು ಅಂದಿದ್ದಾರೆ. ಸಂಜೆ ನಾನು ತೀರ್ಮಾನ ಹೇಳ್ಬೇಕು."

ಅವನ ಮುಖ ಬಾಡಿತು.

ಅವಳ ಕಣ್ಣೂ ತುಂಬಿತ್ತು. 'ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ಬೈದು ಮರೀತಿದ್ದೆ. ಇಷ್ಟವಾದವನೇ ಮಾಡಿದ್ರೆ...?' ಆ ಯೋಚನೆಗೆ ಅವಳೇ ಬೆಚ್ಚಿಬಿದ್ದಳು.

"ಇಬ್ಬರೂ ಬಾಯ್ಮುಚ್ಚಿ, ನಾನು ನೋಡ್ತೀನಿ," ಎನ್ನುತ್ತ ಟೆಸ್ಟಿಂಗ್ ನೋಡಿಕೊಳ್ಳುವ ಅಕ್ಕ ತಮ್ಮ ಲ್ಯಾಪ್‌ಟಾಪ್ ಹಿಡಿದು, ಕುರ್ಚಿ ಎಳೆದುಕೊಂಡು ಬಂದರು. "ಪರ್ಮಿಷನ್ ಸರಿಯಿದೆ. ಡ್ರೈವಲ್ಲಿ ಜಾಗ ಇದೆ. ಏ ಮೆಣಸಿನಕಾಯಿ, ಈ ಲಾಕ್ ಬಿದ್ದಾಗ ನೀನೆಲ್ಲಿದ್ದೆ?"

"ಇಲ್ಲೇ... ಪರದೆಯ ಬಗ್ಗೆ ಏನೋ ಕೇಳೋಕೆ ಬಂದಿದ್ದೆ."

"ಅದಕ್ಕೂ ಮುಂಚಿನದು?"

"ಆಗಲೂ ಇಲ್ಲೇ. ಜಗಳಕ್ಕೆ."

ಅಕ್ಕ ಮೌನಿಯ ಕಡೆ ತಿರುಗಿದರು. "ಕಮಿಟ್ ಮುಗಿಯೋ ಮುಂಚೆನೇ ಲ್ಯಾಪ್‌ಟಾಪ್ ಮಡಚ್ತೀಯೇನೋ?"

"ಹೂಂ... ಇವರು ಬಂದಾಗ."

"ಅಯ್ಯೋ ಪುಣ್ಯಾತ್ಮ! ಮಡಚಿದ್ರೆ ಅದು ನಿದ್ದೆಗೆ ಹೋಗುತ್ತೆ, ಡ್ರೈವಿನ ಸಂಪರ್ಕ ತಪ್ಪುತ್ತೆ, ಲಾಕ್ ಅಲ್ಲೇ ಉಳಿಯುತ್ತೆ! ಅಲ್ಲಾ, ನಾನು ಎಷ್ಟು ಸಲ ಮಾತಾಡಿಸಿದ್ರೂ ನೀನು ತಲೆ ಕೂಡ ಎತ್ತಲ್ಲ. ಇವಳಿಗೆ ಮಾತ್ರ ಯಾಕಪ್ಪಾ ಈ ಮರ್ಯಾದೆ?"

ಮೌನಿಯ ಕಿವಿ ಕೆಂಪಾಯಿತು.

"ನಮ್ಮಮ್ಮನಿಗೆ ಕಿವಿ ಕೇಳಲ್ಲ. ಮುಖ ನೋಡಿಯೇ ಮಾತು ತಿಳ್ಕೊಳ್ತಾರೆ. ಅದಕ್ಕೆ ಅವರು ಎದುರಿಗೆ ಬಂದ್ರೆ ಕೈಯಲ್ಲಿರೋದನ್ನ ಬಿಟ್ಟು ಮುಖ ನೋಡ್ತೀನಿ. ಹೊರಗೆ ಯಾರ ಹತ್ರಾನೂ ಹಾಗೆ ಆಗಿರಲಿಲ್ಲ..." ಅವನು ತಡವರಿಸುತ್ತ ಅವಳ ಕಡೆ ತಿರುಗಿದ. "ನೀವು ಬಂದಾಗ ಮಾತ್ರ ಕೈ ತಾನಾಗೇ ಮಡಚಿಬಿಡುತ್ತೆ."

ಅವಳು ಮಡಚಿದ ಆ ಲ್ಯಾಪ್‌ಟಾಪನ್ನೇ ನೋಡಿದಳು. 'ಇಷ್ಟು ದಿನ ನಾನು ಜಗಳ ಆಡಿದ್ದು ಇದಕ್ಕಾ...?'

ಅಕ್ಕ ಗಂಟಲು ಸರಿಮಾಡಿಕೊಂಡರು. "ಯಾರ ಕಮಿಟೂ ನಡೀತಿಲ್ಲ ತಾನೇ? ಸರಿ, ಲಾಕ್ ಅಳಿಸಿದೆ. ನಾಳೆಯಿಂದ ಕೋಡ್ ಸರ್ವರಲ್ಲಿರಲಿ. ಇಬ್ಬರೂ ನಿಮ್ಮ ನಿಮ್ಮ ಕಾಪಿಯಲ್ಲಿ ಕೆಲಸ ಮಾಡಿ, ಒಬ್ಬರ ಲಾಕ್ ಇನ್ನೊಬ್ಬರಿಗೆ ಅಡ್ಡ ಬರಲ್ಲ."

ಈ ಸಲ ಅವಳ ಕಮಿಟ್ ತಕರಾರಿಲ್ಲದೆ ಆಯಿತು.

ಸಂಜೆ ಯಜಮಾನರು ಬಾಗಿಲಲ್ಲಿ ಇಣುಕಿದರು. "ಏನಮ್ಮಾ, ಆ ಬ್ರಾಂಚಿಗೆ ಹೋಗ್ತೀಯಾ?"

"ಇಲ್ಲ ಸಾರ್!"

ಅಷ್ಟು ಜೋರಾಗಿ ಹೇಳಬೇಕಿರಲಿಲ್ಲ. ಇಡೀ ಆಫೀಸು ನಕ್ಕಿತು.

ಎಲ್ಲರೂ ಹೊರಟ ಮೇಲೆ ಅವಳು ಮೌನಿಯ ಮೇಜಿನ ಹತ್ತಿರ ಬಂದಳು. ಅವನ ಕೈ ಲ್ಯಾಪ್‌ಟಾಪಿನತ್ತ ಹೋಗಿ, ಅರ್ಧಕ್ಕೆ ನಿಂತಿತು.

"ಕಮಿಟ್ ನಡೀತಿದೆ..."

"ಮುಗೀಲಿ. ನಾನು ಕಾಯ್ತೀನಿ."

ಅವಳು ಪಕ್ಕದ ಕುರ್ಚಿಯಲ್ಲಿ ಕೂತಳು. ಕಮಿಟ್ ಮುಗಿಯಿತು. ಅವನು ಲ್ಯಾಪ್‌ಟಾಪ್ ಮಡಚಿ ಅವಳ ಕಡೆ ತಿರುಗಿದ.

"ಈಗ ಹೇಳಿ."

"ಹೇಳೋಕೇನೂ ಇಲ್ಲ," ಎಂದಳು ಮೆಣಸಿನಕಾಯಿ, ಎಂದೂ ಇಲ್ಲದಷ್ಟು ಮೆಲ್ಲಗೆ. "ಸುಮ್ನೆ ನೋಡ್ತಾ ಇರಿ."