ಟಹೀಟಿಯ ಬಳಿ ಒಂದು ವಾಯುಭಾರ ಕುಸಿತ

"ತಾತ್ಕಾಲಿಕ ಏರಿಳಿತ. ಹೆಚ್ಚಿನ ಅರ್ಥ ಕಲ್ಪಿಸಬೇಡಿ."

ಹಳದಿ ಚೀಟಿಯಲ್ಲಿ ಇಷ್ಟೇ ಇತ್ತು. ಹಿಂದಿನ ಸಂಜೆಯಷ್ಟೇ ನಮ್ಮ ಹವಾಮಾನ ಕಚೇರಿಯ ಲಿಫ್ಟಿನಲ್ಲಿ, ನಾಲ್ಕು ವರ್ಷದಿಂದ ನನ್ನ ಜೊತೆ ಕೆಲಸ ಮಾಡುವ ಅವನು ನನ್ನ ಕೈ ಹಿಡಿದಿದ್ದ. ಮೂರು ಮಹಡಿ ಇಳಿಯುವವರೆಗೂ ಬಿಟ್ಟಿರಲಿಲ್ಲ. ಬೆಳಗ್ಗೆ ಬಂದರೆ ಕೀಬೋರ್ಡಿನ ಮೇಲೆ ಅವನ ಕೈಬರಹದ ಈ ಚೀಟಿ!

ಮೈಯೆಲ್ಲ ಉರಿದುಹೋಯಿತು. ಕೋಪ ಬಂದರೆ ನಾನು ಹಿಂದೆಮುಂದೆ ನೋಡುವವಳಲ್ಲ. ದೂರದ ದ್ವೀಪವೊಂದರಲ್ಲಿರುವ ನಮ್ಮ ವೀಕ್ಷಣಾ ಕೇಂದ್ರಕ್ಕೆ ಎರಡು ವರ್ಷ ಹೋಗಲು ಯಾರೂ ಒಪ್ಪಿರಲಿಲ್ಲ. ನಾನು ಹೋಗುತ್ತೇನೆಂದು ಬರೆದುಕೊಟ್ಟುಬಿಟ್ಟೆ. ಹತ್ತು ದಿನ ಅವನತ್ತ ಕಣ್ಣೆತ್ತಿಯೂ ನೋಡಲಿಲ್ಲ.

ಇವತ್ತು ನನ್ನ ವರದಿಯ ಕರಡು ಹಿಡಿದು ಅವನೇ ಬಂದ.

"ಪೆಸಿಫಿಕ್ ಒತ್ತಡದ ಸೂಚ್ಯಂಕ ಕುಸಿದಿದೆ, ಸಮುದ್ರ ಬಿಸಿಯಾಗ್ತಿದೆ, ಎಲ್ ನಿನೊ ಶುರು ಅಂತ ಬರೆದುಬಿಟ್ಟಿದೀರಲ್ಲ ಮೇಡಂ? ನನ್ನ ಚೀಟಿ ನೋಡಲಿಲ್ವಾ?"

"ಯಾವ ಚೀಟಿ?"

"ಟಹೀಟಿ ಹತ್ತಿರ ವಾಯುಭಾರ ಕುಸಿತ ಬಂದು ಕೂತಿತ್ತು. ಅಲ್ಲಿ ಒತ್ತಡ ಇಳಿದ್ರೆ ಸೂಚ್ಯಂಕಾನೂ ಇಳಿಯುತ್ತೆ, ಸಮುದ್ರ ಬಿಸಿಯಾಗಿರಲೇಬೇಕು ಅಂತೇನಿಲ್ಲ. ಎರಡು ವಾರದ ಆಟ. ಅದಕ್ಕೇ ತಾತ್ಕಾಲಿಕ ಅಂದಿದ್ದು."

ದಿನಕ್ಕೆ ಹತ್ತು ಸಲ ಆ ಪದ ಬರೆಯುವವಳಿಗೆ ಇದು ಹೊಳೆದಿರಲಿಲ್ಲ! "ಅದು... ಸೂಚ್ಯಂಕದ ಬಗ್ಗೆನಾ?"

ಅವನು ನನ್ನ ಮುಖವನ್ನೇ ನೋಡಿದ. ನಿಧಾನಕ್ಕೆ ಕಿವಿ ಕೆಂಪಾಯಿತು. "ಅಯ್ಯೋ ದೇವರೇ, ಲಿಫ್ಟಿನ ವಿಷಯ ಅಂದ್ಕೊಂಡ್ರಾ? ಕೈ ಹಿಡಿದಿದ್ದಕ್ಕೇ ನಿಮಗೆ ಕೋಪ ಅಂತ ನಾನು ಹೆದರಿ ದೂರ ಇದ್ದೆ. ಒಂದು ಮಾತು ಕೇಳಬಾರದಿತ್ತಾ?"

"ನೀವು ಬಂದು ಹೇಳಬಾರದಿತ್ತಾ? ಚೀಟಿ ಅಂಟಿಸೋಕೆ ನಾನೇನು ನೋಟಿಸ್ ಬೋರ್ಡಾ?"

ಇಬ್ಬರೂ ನಕ್ಕೆವು. ನಗುತ್ತಲೇ ನನಗೆ ಅಳು ಬಂತು.

"ಮಧ್ಯಾಹ್ನದವರೆಗೂ ಟೈಮಿದೆ, ದ್ವೀಪಕ್ಕೆ ಹೋಗೋದು ಬೇಡ ಅಂತ ಹೇಳಿಬಿಡಿ," ಎಂದ. "ನೀವಿಲ್ಲದೆ ನನಗಾಗಲ್ಲ. ಮುಂದಿನದು ನಾನು ನೋಡ್ಕೋತೀನಿ."

ಮುಖ್ಯಸ್ಥರ ಕೋಣೆಗೆ ಓಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ದ್ವೀಪಕ್ಕೆ ಹೋಗುವವರ ಸರದಿ ಪಟ್ಟಿಯನ್ನು ತಿರುಗಿಸಿ ತೋರಿಸಿದರು. "ನೀನು ಬೇಡ ಅಂದ್ರೆ ಮುಂದಿನ ಹೆಸರು ಇದು. ಆಮೇಲೆ ಯಾರೂ ಇಲ್ಲಮ್ಮ."

ಅವನದೇ ಹೆಸರು. ವಾರಕ್ಕೆ ಮೂರು ದಿನ ತಾಯಿಯನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವವನು. ಆ ತಾಯಿಗೆ ಇನ್ಯಾರಿದ್ದಾರೆ?

"ಏನು ಹೇಳಬೇಕಿತ್ತು?" ಮುಖ್ಯಸ್ಥರು ಕೇಳಿದರು.

"ಏನಿಲ್ಲ ಸರ್. ಹಡಗು ಯಾವತ್ತು ಅಂತ ಕೇಳೋಕೆ ಬಂದೆ."

ಅವನು ಬಾಗಿಲಲ್ಲೇ ಕಾಯುತ್ತಿದ್ದ. "ಹೇಳಿದ್ರಾ?"

"ಗುರುವಾರ ಹೊರಡ್ತೀನಿ."

"ನಾನು ಹೋಗ್ತೀನಿ ಅಂತ—"

"ಅಮ್ಮನ್ನ ಯಾರು ನೋಡ್ಕೋತಾರೆ? ಬಾಯಿ ಮುಚ್ಚು ನೀನು!"

ನಾಲ್ಕು ವರ್ಷದಲ್ಲಿ ಮೊದಲ ಸಲ ಅವನನ್ನು 'ನೀನು' ಅಂದಿದ್ದೆ. ಅವನ ಕಣ್ಣು ತುಂಬಿತು.

"ಇನ್ನೊಂದ್ಸಲ ಹಾಗೇ ಬೈ," ಎಂದ.

ಬೈಯಲು ನನ್ನಿಂದ ಆಗಲಿಲ್ಲ.